ಕೆಂಪು ಬಟ್ಟೆ ಕಟ್ಟಿದ ಕಿಟಕಿ

ಮಾರ್ಚ್ ೧೧, ಮಂಗಳವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ಚಕ್ರಳ ನಮಸ್ಕಾರ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ನೀನಿಟ್ಟ ಹೆಸರನ್ನು ಈಗ ನಮ್ಮ ಮೇಸ್ತ್ರಿಯೂ ಕಲಿತುಬಿಟ್ಟಿದ್ದಾರೆ.

ತಡವಾಯಿತು, ಬೈಯಬೇಡ. ನಿನ್ನ ಫೋನನ್ನು ಬೇಕೆಂದೇ ಎತ್ತಲಿಲ್ಲ. ಎತ್ತಿದ್ದರೆ ದನಿಯಲ್ಲೇ ನಿನಗೆ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಜೋತುಬಿದ್ದುಕೊಂಡು ಕೇಳುವ ಸುದ್ದಿ ಅಲ್ಲ ಇದು. ಶಾಲೆ ಬಿಟ್ಟಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಆ ಮೇಲಿನ ಮನೆ ನಿನಗೆ ಸಿಗುವುದಿಲ್ಲ ಅಕ್ಕ.

ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದನ್ನೆಲ್ಲ ಈಗ ಮೊದಲಿಂದ ಬರೆಯುತ್ತೇನೆ. ನಮ್ಮ ಬಡಾವಣೆಯಲ್ಲಿ ಒಂದು ಸೈಟಿಗೆ ಒಂದೇ ಮನೆ ಅನ್ನುವ ನಿಯಮ ಇದ್ದದ್ದು ನಿನಗೆ ಗೊತ್ತೇ ಇದೆ. ಊರು ಬೆಳೆಯಿತು, ಮನೆಗಳು ಮಾತ್ರ ಇದ್ದಷ್ಟೇ ಉಳಿದವು, ಬಾಡಿಗೆ ಆಕಾಶಕ್ಕೆ ಹೋಯಿತು. ನೀನು, ಭಾವ, ಪುಟ್ಟಿ ಮೂರು ಬಸ್ಸು ಬದಲಿಸಿ ಬರಬೇಕಾದ ದೂರಕ್ಕೆ ಹೋದಿರಿ. ಈ ವರ್ಷ ನಗರಸಭೆಯವರು ಬಸ್ಸು ಓಡಾಡುವ ರಸ್ತೆಗಳ ಹತ್ತಿರ ಮೂರು ಅಂತಸ್ತು ಕಟ್ಟಬಹುದು, ಅದರಲ್ಲಿ ಒಂದು ಮನೆಯನ್ನು ಕಡಿಮೆ ಬಾಡಿಗೆಗೆ ಕೊಡಬೇಕು ಅಂದರು. ಮೊದಲು ಅರ್ಜಿ ಹಾಕಿದ್ದು ನಮ್ಮ ಹಿತ್ತಲಿಗೆ ಬೆನ್ನು ಹಾಕಿರುವ ಮನೆಯ ನರ್ಸತ್ತೆ. "ಕೆಳಗೆ ನಾನು, ನಡುವಿನದು ಸಾಲ ತೀರೋದಕ್ಕೆ, ಮೇಲಿನದು ನಿಮ್ಮಕ್ಕನಿಗೆ. ಚಿಕ್ಕವಳಿದ್ದಾಗ ಅವಳಿಗೆ ಇಂಜೆಕ್ಷನ್ ಚುಚ್ಚಿ ಅಳಿಸಿದ್ದೀನಿ, ಆ ಪಾಪ ಕಳೀಲಿ," ಅಂದರು.

ಕಟ್ಟುವ ಮೊದಲು ಆ ಕಟ್ಟಡ ಎಷ್ಟೆತ್ತರ, ಎಷ್ಟಗಲ ಅಂತ ಬೊಂಬು ನೆಟ್ಟು, ಹಗ್ಗ ಬಿಗಿದು ಅಕ್ಕಪಕ್ಕದವರಿಗೆಲ್ಲ ತೋರಿಸಬೇಕು. ಇಲ್ಲದ ಮನೆಯನ್ನು ಗಾಳಿಯಲ್ಲಿ ನಿಲ್ಲಿಸುವ ಈ ಕೆಲಸವೇ ಈಗ ನನ್ನದು. ಕೂತಲ್ಲಿ ಕೂರದವಳಿಗೆ ಹೇಳಿ ಮಾಡಿಸಿದಂತಿದೆ. ಮೇಸ್ತ್ರಿ ಏಣಿ ಹಿಡಿದುಕೊಂಡು ಮೆಲ್ಲಗೆ ಅಂದರು: "ಚಕ್ರಮ್ಮ, ಒಂದು ಮೊಳ ತಗ್ಗಿಸಿ ನೆಡು. ಯಾರು ಟೇಪು ಹಿಡಿದು ಅಳೀತಾರೆ?"

"ಕಟ್ಟಿದಮೇಲೆ ಕಣ್ಣಿಗೆ ಬೀಳಲ್ವಾ?"

"ಆಮೇಲೆ ಬಿದ್ರೆ ಬೀಳಲಿ ಬಿಡು. ನಿಮ್ಮಕ್ಕ ಒಳಗೆ ಸೇರ್ಕೊಂಡಿರ್ತಾಳಲ್ಲ!"

ನಾನು ತಗ್ಗಿಸಲಿಲ್ಲ. ನಕ್ಷೆಯಲ್ಲಿ ಇದ್ದಷ್ಟೇ ನೆಟ್ಟೆ. "ನಿನ್ನಂಥವಳನ್ನ ಕಟ್ಟಿಕೊಂಡು ನಾನು ಉದ್ಧಾರ ಆದ ಹಾಗೇ," ಅಂತ ಮೇಸ್ತ್ರಿ ಬೀಡಿ ಹಚ್ಚಿದರು.

ನಿನ್ನ ಕಿಟಕಿ ಬರುವ ಜಾಗಕ್ಕೆ ಮಾತ್ರ ಯಾರಿಗೂ ಹೇಳದೆ ಒಂದು ಕೆಂಪು ಬಟ್ಟೆ ಕಟ್ಟಿದೆ. ಏಣಿಯ ತುದಿಯಲ್ಲಿ ನಿಂತು ನೋಡಿದರೆ ನಮ್ಮ ಹಿತ್ತಲು ಅಂಗೈಯಲ್ಲಿದ್ದಂತೆ ಕಾಣುತ್ತಿತ್ತು. ಅಪ್ಪ ಅಂಗಿ ಒಣಹಾಕುತ್ತಿದ್ದರು. ಎಂದಿನಂತೆ ಅಂಗಿಯನ್ನು ಕೊಡವಿ, ತೋಳು ಎಳೆದು, ಆಮೇಲೆ ಕ್ಲಿಪ್ಪು. ತಲೆಯೆತ್ತಿ ನೋಡಲಿಲ್ಲ. ನೀನು ಅಲ್ಲಿ ನಿಂತು ನನ್ನ ಜಡೆ ನೋಡಿ "ಏನೇ ಅದು, ಕಾಗೆ ಗೂಡು!" ಅನ್ನುವುದು, ಪುಟ್ಟಿ ಸರಳಿಗೆ ಮುಖವೊತ್ತಿ "ತಾತಾ" ಅಂತ ಕೂಗುವುದು, ಎಲ್ಲವೂ ಆಗಲೇ ನನಗೆ ಕೇಳಿಸಿಬಿಟ್ಟಿತು. ಇಳಿಯುವುದಕ್ಕೆ ಮನಸ್ಸೇ ಬರಲಿಲ್ಲ. ಅಮ್ಮ ಹೋದಮೇಲೆ ನನ್ನ ತಲೆ ಬಾಚಿದವಳು ನೀನು. ನೀನು ಹೋದಮೇಲೆ ನಾನೇ ಹೇಗೋ ಗಂಟು ಹಾಕಿಕೊಳ್ಳುತ್ತೇನೆ.

ಹೋದ ವಾರ ವಾರ್ಡಿನ ಸಭಾಂಗಣದಲ್ಲಿ ಸಭೆ ಇತ್ತು. ಅಧಿಕಾರಿ ಒಳ್ಳೆಯವನೇ, ನಕ್ಷೆ ತೋರಿಸಿ ಮನೆ ಯಾಕೆ ಬೇಕು ಅಂತ ಬಿಡಿಸಿ ಹೇಳಿದ. ಆಕ್ಷೇಪ ಇರುವವರು ಎದ್ದು ನಿಲ್ಲಿ ಅಂದ. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ನರ್ಸತ್ತೆ ನನ್ನ ಕೈ ಹಿಸುಕಿದರು. ಆಗ ಮುಂದಿನ ಸಾಲಿನಲ್ಲಿ ಒಬ್ಬರು ಎದ್ದರು. "ಬಿಸಿಲಿಗೆ ಅಡ್ಡ ಬರುತ್ತೆ. ಅದು ಹೋಗ್ಲಿ ಅಂದ್ರೆ, ಬಾಡಿಗೆಗೆ ಬರೋರು ಎಂಥವರೋ ಏನೋ! ಮೇಲಿಂದ ಇಪ್ಪತ್ನಾಲ್ಕು ಗಂಟೆ ನಮ್ಮ ಹಿತ್ತಲು ನೋಡ್ಕೊಂಡು ಕೂತಿರ್ತಾರೆ," ಅಂದರು. ಒಬ್ಬರು ಎದ್ದಮೇಲೆ ಕೇಳಬೇಕೆ? ಕುರ್ಚಿಗಳು ಸರಿದ ಸದ್ದು ಇನ್ನೂ ಕಿವಿಯಲ್ಲಿದೆ. ಬೆಳಗ್ಗೆ ತಾನೇ ನರ್ಸತ್ತೆಯ ಹತ್ತಿರ ಬಿಪಿ ನೋಡಿಸಿಕೊಂಡು ಹೋದವರೂ ಎದ್ದರು.

ಮೇಲಿನ ಅಂತಸ್ತು ರದ್ದು, ಎರಡಕ್ಕೆ ಮಾತ್ರ ಅನುಮತಿ. "ನಡುವಿನದನ್ನ ಅವಳಿಗೇ ಕೊಟ್ಟುಬಿಡ್ತಿದ್ದೆ ಮಗಳೇ, ಸಾಲ ಬಿಡಲ್ವಲ್ಲ," ಅಂತ ಅತ್ತೆ ಕಣ್ಣೊರೆಸಿಕೊಂಡರು. ಅವರ ಮೇಲೆ ಮುನಿಸಿಕೊಳ್ಳಬೇಡ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಹಲ್ಲು ಬಿದ್ದ ಜಾಗದಲ್ಲಿ ಬೇಗ ಹೊಸದು ಬರಲಿ, ನನ್ನ ಹಾಗೆ ಶಾಲೆ ಬಿಟ್ಟು ಓಡದಿರಲಿ ಅಂತ ಆಶೀರ್ವಾದ. ಚಿಕ್ಕಮ್ಮ ಅಂದಮೇಲೆ ಅಷ್ಟು ಹಕ್ಕು ನನಗೂ ಉಂಟಲ್ಲ? ನೀನು ಮಾತ್ರ ಚೆನ್ನಾಗಿರು ಅಕ್ಕ, ಬಸ್ಸಿನಲ್ಲಿ ಸೀಟು ಸಿಗಲಿ.

ನಿನ್ನ ತಂಗಿ,
ಚಕ್ರ

ಮರೆತದ್ದು: ಮರೆತದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು. ಸಭೆಯಲ್ಲಿ ಮೊದಲು ಎದ್ದವರು ಅಪ್ಪ.

ಬೊಂಬು ನೆಟ್ಟ ದಿನದಿಂದ ಮನೆಯಲ್ಲಿ ಗೊಣಗುತ್ತಲೇ ಇದ್ದರು. ತಡೀರಿ, ಮೇಲಿಂದ ಪುಟ್ಟಿ ಕೂಗಿದಾಗ ನಿಮ್ಮ ಮುಖ ನೋಡ್ತೀನಿ ಅಂತ ನಾನು ಒಳಗೊಳಗೇ ನಗುತ್ತಿದ್ದೆ. ಅಪ್ಪನಿಗೆ ಹೇಳಬೇಡ, ಸಾಮಾನು ಸಮೇತ ಬಂದು ಬೆರಗುಗೊಳಿಸೋಣ ಅಂತ ನೀನು ಆಣೆ ಹಾಕಿಸಿಕೊಂಡಿದ್ದೆಯಲ್ಲ. ನರ್ಸತ್ತೆಯ ಬಾಯಿಗೂ ಬೀಗ ಹಾಕಿಸಿದ್ದೆವು. ಸಭೆಯಲ್ಲಿ ಅಪ್ಪ ಎದ್ದಾಗ ನಾನೂ ಎದ್ದೆ, ಕೂಗಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಎಲ್ಲರೂ ನಿಂತಾಗಿತ್ತು. ಊರಿಗೆಲ್ಲ ಒಂದು ಮೊಳದಷ್ಟು ನಿಜವನ್ನೂ ಬಿಡದೆ ತೋರಿಸಿದವಳು ಅಪ್ಪನಿಗೆ ಮಾತ್ರ ಹೇಳಲಿಲ್ಲ.

ಇವತ್ತು ಬೆಳಗ್ಗೆ ಬೊಂಬು ಇಳಿಸಲು ಹೋದಾಗ ಅಪ್ಪ ಹಿತ್ತಲಲ್ಲೇ ನಿಂತಿದ್ದರು. "ಮೇಲಿನ ಮನೆಗೆ ಯಾರು ಬರೋರಿದ್ರು?" ಅಂತ ಸುಮ್ಮನೆ ಮಾತಿಗೆ ಕೇಳಿದರು. ಕೇಳಿದ ಮೇಲೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಅಕ್ಕ ಅಂದೆ.

ಅವರ ಕೈಯಲ್ಲಿ ಒದ್ದೆ ಅಂಗಿ ಇತ್ತು, ಅದರಿಂದ ನೀರು ಇಳಿದು ಕಾಲ ಮೇಲೆ ಬೀಳುತ್ತಿತ್ತು. "ಕಿಟಕಿ ಎಲ್ಲಿ ಬರ್ತಿತ್ತು?" ಅಂದರು. ಕೆಂಪು ಬಟ್ಟೆ ತೋರಿಸಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಅಷ್ಟೇನಾ," ಅಂದರು. "ಮೆಲ್ಲಗೆ ಕರೆದಿದ್ರೂ ಕೇಳಿಸ್ತಿತ್ತು."