ಹಸಿರು ಸಿಪ್ಪೆಯ ಹಣ್ಣು

ಅರಸೀಕೆರೆ
೪ ಮೇ ೧೯೯೮

ಚನ್ನೇಶ್ ಅವರಿಗೆ,

ಶಿಲ್ಪಾಳ ನಮಸ್ಕಾರ. ನಿಮ್ಮ ಪತ್ರ ಬಂತು, ಮನೆಯಲ್ಲಿ ಎಲ್ಲರೂ ಓದಿದರು. ಅಪ್ಪ ಬೇಲೂರಿಗೆ ಬಂದು ನಿಮ್ಮ ಸೋದರತ್ತೆ ಕಮಲಾಕ್ಷಮ್ಮನವರ ಹತ್ತಿರ ತಪ್ಪಾಯಿತು ಅಂದರೆ ಮದುವೆ ಮಾತು ಮುಂದುವರಿಸಬಹುದು ಎಂದು ಬರೆದಿದ್ದೀರಿ. ಅಪ್ಪ ಆಗಲೇ ಪಂಚೆ ಇಸ್ತ್ರಿಗೆ ಕೊಟ್ಟಿದ್ದಾರೆ. ಅದನ್ನು ನೋಡಿಯೇ ಈ ಪತ್ರ ಬರೆಯಲು ಕೂತೆ. ಅವರು ಬಸ್ಸು ಹತ್ತುವ ಮೊದಲೇ ಈ ಪತ್ರ ನಿಮ್ಮ ಕೈ ಸೇರಲಿ.

ಅಪ್ಪನ ತಪ್ಪಾದರೂ ಏನು? ನೀವೆಲ್ಲ ನಮ್ಮ ಮನೆಗೆ ಬಂದ ವಾರ ಊರ ತುಂಬ ಮದುವೆ, ಪೇಟೆಯಲ್ಲಿ ಪುಟ್ಟಬಾಳೆ ಸಿಗಲಿಲ್ಲ. ಪಕ್ಕದ ಗಂಡಸಿ ಊರಿನಿಂದ ಪಚ್ಚಬಾಳೆ ಗೊನೆ ತಂದು ನಮ್ಮ ಕೊಬ್ಬರಿ ಗೋದಾಮಿನಲ್ಲಿ ಹಣ್ಣಿಗೆ ಹಾಕಿದರು. ಒಪ್ಪಿಗೆಯ ತಾಂಬೂಲಕ್ಕೆ ಅದನ್ನೇ ಇಟ್ಟರು. ನಿಮ್ಮ ಅತ್ತೆ ಮುಟ್ಟಿಯೂ ನೋಡದೆ, "ತಾಂಬೂಲಕ್ಕೆ ಹಸೀ ಬಾಳೆಕಾಯಿ ಇಟ್ಟವ್ರಲ್ಲ, ನಮ್ಮನ್ನೇನಂತ ತಿಳ್ಕೊಂಡವ್ರೆ? ಎದ್ದೇಳ್ರಿ ಎಲ್ಲಾರೂವೆ" ಅಂದುಬಿಟ್ಟರು. ಅಪ್ಪ ತಟ್ಟೆ ಹಿಡಿದುಕೊಂಡು ಜೀಪಿನವರೆಗೂ ಬಂದು, "ಒಂದು ಸುಲಿದು ನೋಡಿ ತಾಯಿ, ಹಣ್ಣಾಗೈತೆ" ಎಂದು ಅಂಗಲಾಚಿದರು. ಯಾರೂ ಸುಲಿಯಲಿಲ್ಲ.

ಸಸ್ಯಶಾಸ್ತ್ರ ಪಾಠ ಮಾಡುವವಳು ನಾನು, ಸುಮ್ಮನಿರಲಾದೀತೆ? ಉಳಿದ ಹಣ್ಣನ್ನು ಕಾಲೇಜಿಗೆ ಒಯ್ದು, ಸಿಪ್ಪೆಯ ತೆಳು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಜೀವಕೋಶಗಳಲ್ಲಿ ಹಸಿರು ಕಣಗಳು ಇನ್ನೂ ಹಾಗೇ ಇದ್ದವು. ಆ ಕಣಗಳೊಳಗೆ ದೋಸೆ ಪೇರಿಸಿಟ್ಟಂತೆ ತೆಳು ಪದರಗಳಿರುತ್ತವೆ. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಅವು ಕಾಣುವುದಿಲ್ಲ, ಪುಸ್ತಕದ ಚಿತ್ರದಲ್ಲೇ ನೋಡಬೇಕು. ಹಸಿರು ಕೂತಿರುವುದು ಆ ಪದರಗಳಲ್ಲಿ. ಬಾಳೆ ಮಾಗುವಾಗ ಪದರಗಳು ಕಳಚಿ ಹಸಿರು ಹೋಗುತ್ತದೆ, ಮೊದಲಿಂದಲೂ ಅಲ್ಲೇ ಇದ್ದ ಹಳದಿ ಆಗ ಕಾಣಿಸುತ್ತದೆ. ಟೊಮೆಟೊ ಹಾಗಲ್ಲ, ಅದರ ಹಸಿರು ಕಣಗಳೇ ರೂಪ ಬದಲಿಸಿ ಹೊಸದಾಗಿ ಕೆಂಪನ್ನು ತುಂಬಿಕೊಳ್ಳುತ್ತವೆ.

ಆದರೆ ಸೆಕೆ ಮಿತಿಮೀರಿದರೆ ಪಚ್ಚಬಾಳೆಯ ಪದರಗಳು ಸರಿಯಾಗಿ ಕಳಚುವುದಿಲ್ಲ. ತಿರುಳು ಮೆತ್ತಗಾಗಿ ಸಿಹಿಯಾದರೂ ಸಿಪ್ಪೆ ಹಸಿರಾಗೇ ಉಳಿಯುತ್ತದೆ. ನಿಮ್ಮ ಬೇಲೂರು ತಂಪು, ಅಲ್ಲಿ ಇದೇ ಹಣ್ಣು ಹಳದಿಯಾಗುತ್ತದೆ. ನಮ್ಮ ಗೋದಾಮಿನ ತಗಡಿನ ಕೆಳಗೆ, ಅದೂ ಏಪ್ರಿಲ್ ಬಿಸಿಲಲ್ಲಿ, ಆಗಲಿಲ್ಲ. ನಿಮ್ಮ ಅತ್ತೆ ಕಂಡದ್ದೂ ನಿಜ, ಅಪ್ಪ ಹೇಳಿದ್ದೂ ನಿಜ.

ಇನ್ನೊಂದನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ. ನೀವು ನನಗೆ ಇಷ್ಟವಾಗಿದ್ದೀರಿ. ಹಳೇಬೀಡಿನ ಶಾಲೆಯಲ್ಲಿ ಮೇಷ್ಟರಾಗಿರುವ ನೀವು, ಮದುವೆಯಾದ ಮೇಲೂ ಪಾಠ ಮಾಡುವುದನ್ನು ಬಿಡಬೇಡಿ ಅಂದಾಗ ಎಷ್ಟು ಖುಷಿಯಾಯಿತು ಗೊತ್ತೇ? ಆದರೆ ಅತ್ತೆ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟಾಗ ನೀವು ಬಾಯಿ ಬಿಡಲಿಲ್ಲ. ಹಣ್ಣೋ ಕಾಯೋ ಪಾಪ ಅವರಿಗೇನು ಗೊತ್ತು, ಸಾಕಿ ಬೆಳೆಸಿದ ಅತ್ತೆಗೆ ಹೇಗೆ ಎದುರಾಡಿಯಾರು ಎಂದು ನಿಮ್ಮ ಪರವಾಗಿ ನಾನೇ ಮನೆಯಲ್ಲಿ ಜಗಳ ಆಡಿದೆ.

ಅಪ್ಪ ಕ್ಷಮೆ ಕೇಳಲು ಬರುವುದಿಲ್ಲ, ನಾನು ಬಿಡುವುದಿಲ್ಲ. ನೀವೇ ಅತ್ತೆಗೆ ತಿಳಿಸಿ ಹೇಳಿ, ಇನ್ನೊಮ್ಮೆ ಕರೆದುಕೊಂಡು ಬನ್ನಿ. ಬಂದರೆ, ನನ್ನ ಒಪ್ಪಿಗೆ ಇದೆ.

ಇಂತಿ,
ಶಿಲ್ಪಾ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಅಮ್ಮನಿಗೆ ಓದಿ ಹೇಳಿದೆ. "ಇಷ್ಟು ಬಿರುಸಾಗಿ ಬರೀಬೇಡ ಕಣೇ, ಹುಡುಗ ಒಳ್ಳೇವ್ರು. ತಾಂಬೂಲಕ್ಕೆ ಮುಂಚೆ ಕೈ ತೊಳೆಯೋಕೆ ಹಿತ್ತಲಿಗೆ ಬಂದಿದ್ರಲ್ಲ, ಆಗ ಅದೇ ಗೊನೇದು ಒಂದು ಹಣ್ಣು ಕೊಟ್ಟೆ. ಸಕ್ಕರೆ ಇದ್ದಂಗೈತೆ ಅಂತ ಇನ್ನೊಂದು ಇಸ್ಕೊಂಡು ತಿಂದ್ರು" ಅಂದಳು. ನಿಮ್ಮನ್ನು ಹೊಗಳಲೆಂದೇ ಅಂದದ್ದು.

ಹಣ್ಣಿನ ವಿಷಯವನ್ನು ನಿಮ್ಮ ಅತ್ತೆಗೆ ಓದಿ ಹೇಳಿ, ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ನನ್ನ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.