ನೆಟ್ಟಗಾದ ಸುಮೋ

ಸೇಡಂ, 18 ಜನವರಿ 2004, ರವಿವಾರ

ಇವರ ಜೋಡಿ ಇನ್ನ ಆ ಸುಮೋದಾಗ ಕೂಡಲೇಬಾರದು ಅನಿಸಿಬಿಟ್ಟದ.

ಎರಡು ವರ್ಷದಿಂದ ಗಾಡಿ ಎಡಕ್ಕ ಎಳೀತಿತ್ತು. ವಾಡಿ ರಸ್ತೆ ತಗ್ಗಿನ್ಯಾಗ ಬಿದ್ದೂ ಬಿದ್ದೂ ಮುಂದಿನ ಗಾಲಿ ಸೊಟ್ಟ ಆಗಿದ್ವು, ಟೈರು ಒಂದೇ ಕಡೆ ಸವೀತಿದ್ವು. ಇವರು ಸ್ಟೇರಿಂಗ್ ಬಲಕ್ಕ ಒತ್ತಿ ಹಿಡಿದೇ ನಡಸ್ತಿದ್ರು. ನಾನು ಹೇಳಿ ಹೇಳಿ ಸಾಕಾದ ಮ್ಯಾಲೆ, ನಿನ್ನೆ ಮೈದುನ ಗುಲಬರ್ಗಾಕ್ಕ ಒಯ್ದು ಅಲೈನ್‌ಮೆಂಟ್ ಮಾಡಿಸಿ, ಗಾಲಿ ನೆಟ್ಟಗ ಮಾಡಿಸಿಕೊಂಡು ಬಂದ.

ಇವತ್ತು ಇವರು ಚಿತ್ತಾಪುರಕ್ಕ ಕರಕೊಂಡು ಹೊಂಟ್ರು. ದಂಡೋತಿ ಹತ್ರ ಕಾಗಿಣಾ ಸೇತುವೆ ಮ್ಯಾಲೆ ಗಾಡಿ ಸೀದಾ ಬಲಗಡೆ ಕಟ್ಟೆಗೇ ಹೋಯ್ತು! ಹಿಂದ ಕೂತ ಅತ್ತಿ "ಕೃಷ್ಣ ಕೃಷ್ಣ" ಅಂತ ಚೀರಿದ್ರು. ಒಂದು ಗೇಣಿನ್ಯಾಗ ಉಳಕೊಂಡ್ವಿ.

"ಆ ಮಿಸ್ತ್ರಿ ಗಾಡಿ ಖರಾಬ್ ಮಾಡ್ಯಾನ. ಈಗ ಬಲಕ್ಕ ಎಳಿಲಿಕತ್ತದ" ಅಂದ್ರು ಇವರು.

"ಗಾಡಿ ಅಲ್ಲರೀ, ನೀವು ಎಳಿಲಿಕತ್ತೀರಿ. ಸೇತುವೆ ದಾಟಿ ಕೈ ಸಡಿಲ ಬಿಟ್ಟು ನೋಡ್ರಿ."

ಬಿಟ್ರು. ಗಾಡಿ ದಾರ ಹಿಡಿದಂಗ ನೆಟ್ಟಗ ಹೋಯ್ತು. ಅತ್ತಿನೂ ಮುಂದ ಬಗ್ಗಿ ನೋಡಿದ್ರು. ಇನ್ನರೆ ಇವರು ತಪ್ಪು ಒಪ್ಪಿಕೋತಾರ ಅಂತ ನಾನು ಮನಿ ಮುಟ್ಟೋತನಕ ಕಾದೆ.

ಊಟಕ್ಕ ಕೂತಾಗ ಹೇಳ್ತಾರ, ನಾಳೆ ಗುಲಬರ್ಗಾಕ್ಕ ಹೋಗಿ ಮೊದಲಿನಂಗ ಮಾಡಿಸಿಕೊಂಡು ಬರ್ತಾರಂತ! "ನನ್ನ ಕೈಗೆ ಅದೇ ರೂಢಿ ಅದ."

"ಹೌದಪ್ಪಾ ವಾಸು, ಹಂಗೇ ಮಾಡು. ಇಷ್ಟು ದಿನ ಏನೂ ಆಗಿದ್ದಿಲ್ಲಲ್ಲ" ಅಂದ್ರು ಅತ್ತಿ.

ಸಾಕಾಗಿ ಹೋಯ್ತು. ತಾಯಿ ಮಗ ಇಬ್ಬರೂ ಮಲಗ್ಯಾರ. ಗಾಡಿ ಚಾವಿ ಜೋಳದ ಹಿಟ್ಟಿನ ಡಬ್ಬ್ಯಾಗ, ತಳಕ್ಕ ಇಟ್ಟು ಬಂದೀನಿ. ಹುಡುಕಲಿ.