ಪ್ರತಿಜ್ಞೆಗೆ ಏಳದ ಮಗಳು

ಗೈದರ್ಸ್‌ಬರ್ಗ್,
ಜೂನ್ 28, 2025

ಕನ್ನಡ ಕೂಟದ ಅಧ್ಯಕ್ಷರಾದ ಜಯಕರ ಅವರಿಗೆ ನಮಸ್ಕಾರ.

ಜುಲೈ ನಾಲ್ಕರ ಪಿಕ್ನಿಕ್‌ನಲ್ಲಿ ಅಮೆರಿಕದ ಧ್ವಜಕ್ಕೆ ಪ್ರತಿಜ್ಞೆ ಹೇಳುವಾಗ ಎದ್ದು ನಿಲ್ಲದಿದ್ದರೆ ನನ್ನ ಮಗಳು ಅನಘಾಳಿಗೆ ವಯಲಿನ್ ನುಡಿಸಲು ಅವಕಾಶವಿಲ್ಲ ಎಂದು ಫೋನಿನಲ್ಲಿ ಹೇಳಿದಿರಿ. "ಈ ದೇಶದ ಅನ್ನ ತಿಂದು ಇದೆಂಥ ಅಹಂಕಾರ ಮಾರಾಯ್ರೇ?" ಎಂದೂ ಕೇಳಿದಿರಿ.

ಅವಳ ಗೆಳತಿಯ ತಂದೆ ಮಾರ್ಚ್‌ನಲ್ಲಿ ಗಡೀಪಾರಾದರು. ಪ್ರತಿಜ್ಞೆಯ ಕೊನೆಗೆ ಎಲ್ಲರಿಗೂ ಸ್ವಾತಂತ್ರ್ಯ, ನ್ಯಾಯ ಎಂದಿದೆ. ಅದು ನಿಜವಾಗುವವರೆಗೆ ಏಳುವುದಿಲ್ಲ ಎನ್ನುತ್ತಾಳೆ. ಶಾಲೆಯಲ್ಲೂ ಕೂತೇ ಇರುತ್ತಾಳೆ. ಅದು ಅವಳ ಹಕ್ಕು ಎಂದು ಟೀಚರ್ ನನಗೆ ತಿಳಿಸಿದರು.

ನಾನೂ ಒಪ್ಪಿಸಲು ನೋಡಿದೆ. "ನೀನ್ಯಾಕೆ ನಿಲ್ತೀಯಪ್ಪ?" ಎಂದಳು. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಕೂತರೆ ಯಾರಾದರೂ ಫೋಟೊ ತೆಗೆದಾರು ಎಂಬ ಭಯ ಎಂದು ಇದ್ದದ್ದನ್ನೇ ಹೇಳಿದೆ. "ಓಕೆ, ನೀನು ನಿಲ್ಲು. ನಾನು ಇಲ್ಲೇ ಹುಟ್ಟಿದ್ದು, ಇಲ್ಲಿನ ಪ್ರಜೆ. ಇಬ್ಬರ ಪರವಾಗಿ ನಾನೇ ಕೂತ್ಕೋತೀನಿ" ಎಂದಳು.

ಎರಡು ತಿಂಗಳಿಂದ ಅಭ್ಯಾಸ ಮಾಡಿದ್ದಾಳೆ, ದಯವಿಟ್ಟು ನುಡಿಸಲು ಬಿಡಿ. ಆಗದಿದ್ದರೂ ನಾವು ಬರುತ್ತೇವೆ. ಮೊಸರನ್ನ ನಾವೇ ತರುತ್ತೇವೆ. ಪ್ರತಿಜ್ಞೆಯ ಹೊತ್ತಿಗೆ ನಾನು ಎಂದಿನಂತೆ ನಿಲ್ಲುತ್ತೇನೆ. ಪಕ್ಕದಲ್ಲಿ ಕೂತಿರುವ ಅವಳನ್ನು ಎಬ್ಬಿಸಲು ಮಾತ್ರ ಯಾರನ್ನೂ ಕಳುಹಿಸಬೇಡಿ.

ಇಂತಿ,
ಚಂದ್ರಮೌಳಿ